ಹಸಿರು ಬಳೆ ಮಾಯವಾದ ಕೈ: ಕಾಂಪೋಸಿಟಿಂಗ್ ಒಳಗೆ ಏನು ನಡೆಯುತ್ತದೆ?

ಮದುಮಗಳ ಕೈ ತುಂಬಾ ಹಸಿರು ಗಾಜಿನ ಬಳೆ. ಹಿಂದೆ ಹಸಿರು ಬಟ್ಟೆ. ಇದು ಎಂಥ ಎಡವಟ್ಟು ಅಂತ ಶೂಟಿಂಗ್ ದಿನ ನನಗೆ ಹೊಳೆಯಲೇ ಇಲ್ಲ.

ಗೆಳೆಯನ ತಂಗಿಯ ಮದುವೆಗೆ ಚಿಕ್ಕದೊಂದು ವಿಡಿಯೋ ಮಾಡಿಕೊಡುತ್ತೇನೆ ಅಂತ ಒಪ್ಪಿಕೊಂಡಿದ್ದೆ. ಆಗುಂಬೆಯ ಮಂಜಿನ ಮುಂದೆ ಅವಳು ನಿಂತು ಸೆರಗು ಸರಿಮಾಡಿಕೊಳ್ಳುವ ಒಂದು ಶಾಟ್ ಬೇಕಿತ್ತು. ಜೂನ್ ಮಳೆಯಲ್ಲಿ ರೇಷ್ಮೆ ಸೀರೆ ಉಡಿಸಿ ಅಲ್ಲಿಗೆ ಕಳಿಸಲು ಮನೆಯವರು ಬಿಡಲಿಲ್ಲ. ಹಾಗಾಗಿ ಬೆಟ್ಟವನ್ನು ನಾನೊಬ್ಬನೇ ಹೋಗಿ ತೆಗೆದು ತಂದೆ. ಅವಳನ್ನು ಊರಿನ ಸಮುದಾಯ ಭವನದಲ್ಲಿ ಗ್ರೀನ್ ಮ್ಯಾಟ್ ಅನ್ನುವ ಹಸಿರು ಬಟ್ಟೆಯ ಮುಂದೆ ನಿಲ್ಲಿಸಿದೆ. ಆಮೇಲೆ ಆ ಹಸಿರನ್ನು ತೆಗೆದು ಅಲ್ಲಿ ಬೆಟ್ಟ ಕೂರಿಸುವುದು ನನ್ನ ಲೆಕ್ಕ. ಬಳೆ ಶಾಸ್ತ್ರ ಹಿಂದಿನ ದಿನವೇ ಮುಗಿದಿತ್ತು. ಬಳೆ ತೆಗೆಯುವ ಹಾಗಿಲ್ಲ. ರಾತ್ರಿ ಕಂಪ್ಯೂಟರ್ ಮುಂದೆ ಕೂತು ಹಸಿರನ್ನು ತೆಗೆದರೆ, ಅಂಗೈ ಒಂದು ಕಡೆ, ತೋಳು ಇನ್ನೊಂದು ಕಡೆ, ನಡುವೆ ಪಟ್ಟೆ ಪಟ್ಟೆಯಾಗಿ ಬೆಟ್ಟ! ಮರುದಿನ ಫೋನಿನಲ್ಲಿ ತೋರಿಸಿದಾಗ "ಅಣ್ಣಾ, ನನ್ನ ಬಳೆ ಎಲ್ಲಿ?" ಅಂತ ಅವಳು ನಕ್ಕಳು. ನನಗೆ ನಗು ಬರಲಿಲ್ಲ.

ಆರು ಸೆಕೆಂಡಿನ ಶಾಟ್ ಅದು. ಸೆಕೆಂಡಿಗೆ 25 ಫ್ರೇಮ್ ಲೆಕ್ಕದಲ್ಲಿ 150 ಫ್ರೇಮ್. ಕಾಂಪೋಸಿಟಿಂಗ್‌ನಲ್ಲಿ ಬರಬಹುದಾದ ಬಹುತೇಕ ಎಲ್ಲ ತೊಂದರೆಯೂ ಅದರಲ್ಲಿ ಬಂದಿತ್ತು. ಅದನ್ನೇ ಮುಂದಿಟ್ಟುಕೊಂಡು ಈ ಕೆಲಸ ಹೇಗೆ ನಡೆಯುತ್ತದೆ ಅಂತ ಹೇಳುತ್ತೇನೆ.

ಎರಡು ಮ್ಯಾಟ್‌ಗಳ ಗೊಂದಲ

ಬೇರೆ ಬೇರೆ ಕಡೆ ತೆಗೆದ ಚಿತ್ರಗಳನ್ನು ಒಂದೇ ಕಡೆ, ಒಂದೇ ಹೊತ್ತಿನಲ್ಲಿ ತೆಗೆದಂತೆ ಕೂಡಿಸುವುದಕ್ಕೆ ಕಾಂಪೋಸಿಟಿಂಗ್ ಅನ್ನುತ್ತಾರೆ. ನಮ್ಮ ಹಳೇ ಸಿನಿಮಾಗಳ ಡಬಲ್ ಆಕ್ಟಿಂಗ್ ದೃಶ್ಯ ನೆನಪಿದೆಯಲ್ವಾ? ಲೆನ್ಸಿನ ಅರ್ಧ ಭಾಗ ಮುಚ್ಚಿ ಎಡಗಡೆಯ ಪಾತ್ರವನ್ನು ತೆಗೆಯುತ್ತಿದ್ದರು. ಆಮೇಲೆ ಫಿಲ್ಮನ್ನು ಹಿಂದಕ್ಕೆ ಸುತ್ತಿ, ಇನ್ನರ್ಧ ಮುಚ್ಚಿ, ಅದೇ ನಟನನ್ನು ಬಲಗಡೆ ನಿಲ್ಲಿಸಿ ಮತ್ತೆ ತೆಗೆಯುತ್ತಿದ್ದರು. ಮುಚ್ಚಿದ ಆ ತಡಿಕೆಯೇ ಮಾಸ್ಕ್. ಇವತ್ತು ಸಾಫ್ಟ್‌ವೇರ್ ಮಾಡುವುದೂ ಅದನ್ನೇ. ಆದರೆ ತಡಿಕೆಯ ಆಕಾರ ಈಗ ಪ್ರತಿ ಫ್ರೇಮಿಗೂ ಬದಲಾಗುತ್ತದೆ.

ಸೆಟ್‌ನಲ್ಲಿ ಹಿಂದೆ ಕಟ್ಟುವ ಬಟ್ಟೆಗೂ ಮ್ಯಾಟ್ ಅಂತಾರೆ, ಸಾಫ್ಟ್‌ವೇರಿನಲ್ಲಿ ಸಿಗುವ ಕಪ್ಪು-ಬಿಳಿ ಚಿತ್ರಕ್ಕೂ ಮ್ಯಾಟ್ ಅಂತಾರೆ. ಹೊಸಬರು ಇಲ್ಲೇ ಎಡವುತ್ತಾರೆ. ಈ ಎರಡನೇ ಮ್ಯಾಟ್‌ನಲ್ಲಿ ಬಿಳಿ ಇದ್ದ ಕಡೆ ಮೇಲಿನ ಚಿತ್ರ ಕಾಣುತ್ತದೆ, ಕಪ್ಪು ಇದ್ದ ಕಡೆ ಕೆಳಗಿನದು. ಬೂದು ಇದ್ದರೆ ಅರ್ಧಂಬರ್ಧ: ಕೂದಲ ಎಳೆ, ಸೆರಗಿನ ತುದಿ, ಹೊಗೆ. ಇದನ್ನು ಚಿತ್ರದ ಕೆಂಪು, ಹಸಿರು, ನೀಲಿ ಚಾನೆಲ್‌ಗಳ (ಬಣ್ಣದ ಪದರಗಳ) ಜೊತೆ ನಾಲ್ಕನೆಯದಾಗಿ ಇಟ್ಟರೆ ಅದೇ ಆಲ್ಫಾ. 1970ರ ದಶಕದ ಕೊನೆಯಲ್ಲಿ ಆಲ್ವಿ ರೇ ಸ್ಮಿತ್ ಮತ್ತು ಎಡ್ ಕ್ಯಾಟ್ಮಲ್ ಈ ಯೋಚನೆ ತಂದರು. 1984ರಲ್ಲಿ ಥಾಮಸ್ ಪೋರ್ಟರ್ ಮತ್ತು ಟಾಮ್ ಡಫ್ ಅದರ ಕೂಡು-ಕಳೆ ಲೆಕ್ಕವನ್ನು ಬರೆದಿಟ್ಟರು. ಇವತ್ತಿನ ಬಹುತೇಕ ಎಲ್ಲ ಸಾಫ್ಟ್‌ವೇರಿನ ಒಳಗೂ ಓಡುತ್ತಿರುವುದು ಅದೇ ಲೆಕ್ಕ.

ಹಸಿರೇ ಯಾಕೆ?

ಮುಖ್ಯವಾಗಿ ಎರಡು ಕಾರಣ. ಮನುಷ್ಯರ ಚರ್ಮದಲ್ಲಿ ಕೆಂಪು ಜಾಸ್ತಿ, ಹಸಿರು ಅದಕ್ಕಿಂತ ಕಡಿಮೆ. ಹಾಗಾಗಿ ಬೇರೆ ಮಾಡುವುದು ಸುಲಭ. ಇನ್ನೊಂದು, ಸಾಮಾನ್ಯ ಕ್ಯಾಮೆರಾ ಸೆನ್ಸರ್‌ನಲ್ಲಿ ಪ್ರತಿ ನಾಲ್ಕು ಚುಕ್ಕಿಗೆ ಎರಡು ಹಸಿರು ಹಿಡಿಯುತ್ತವೆ; ಕೆಂಪಿಗೆ ಒಂದು, ನೀಲಿಗೆ ಒಂದು. ಹಸಿರು ಚಾನೆಲ್ ಹೆಚ್ಚು ಸ್ವಚ್ಛವಾಗಿ ಬರುತ್ತದೆ. ನೀಲಿಯಲ್ಲಿ ಕಾಳು ಕಾಳು (ಗ್ರೇನ್, ಅಂದರೆ ಚಿತ್ರದಲ್ಲಿ ಮಿಣುಗುವ ಸಣ್ಣ ಚುಕ್ಕಿಗಳು) ಜಾಸ್ತಿ.

ಹಾಗಂತ ಹಸಿರೇ ವೇದವಲ್ಲ. ವೀಳ್ಯದೆಲೆ, ಮಾವಿನ ತೋರಣ, ಹಸಿರು ಬಳೆ, ಗಿಳಿಹಸಿರು ರವಿಕೆ: ನಮ್ಮ ಶುಭಕಾರ್ಯಗಳಲ್ಲಿ ಹಸಿರು ಇಲ್ಲದ ಮೂಲೆ ಇಲ್ಲ. ಅಲ್ಲಿ ನೀಲಿ ಬಟ್ಟೆಯೇ ಸರಿ. ಈಗ ನಾನು ಮದುವೆ ಕೆಲಸಕ್ಕೆ ನೀಲಿ ಬಟ್ಟೆಯನ್ನೇ ಒಯ್ಯುತ್ತೇನೆ.

ಬಟ್ಟೆ ಯಾವ ಬಣ್ಣದ್ದಾದರೂ ಸರಿ, ಇಸ್ತ್ರಿ ಮಾಡಿ. ಸುಕ್ಕಿನ ನೆರಳು ಅಂದರೆ ಇನ್ನೊಂದು ಹಸಿರು. ಬಟ್ಟೆಗೆ ಬೇರೆ ಲೈಟು, ವ್ಯಕ್ತಿಗೆ ಬೇರೆ ಲೈಟು ಇಡಿ. ಎರಡರ ನಡುವೆ ಎಂಟು-ಹತ್ತು ಅಡಿ ಜಾಗ ಬಿಡಿ. ಹತ್ತಿರ ನಿಂತಷ್ಟೂ ಹಸಿರು ಬೆಳಕು ಕೆನ್ನೆಗೆ, ಭುಜಕ್ಕೆ ಬಡಿಯುತ್ತದೆ. ನಮ್ಮ ದೇಶದ ಕರೆಂಟ್ 50 ಹರ್ಟ್ಸ್. 25 ಫ್ರೇಮಿನಲ್ಲಿ ತೆಗೆಯುವಾಗ ಶಟರ್ 1/50 ಇಟ್ಟರೆ ಟ್ಯೂಬ್‌ಲೈಟ್ ಮಿಟುಕುವುದೂ ತಪ್ಪುತ್ತದೆ, ಕೈಬೀಸಿನ ಮಸುಕೂ ಸಹಜವಾಗಿ ಬರುತ್ತದೆ.

ಕ್ಯಾಮೆರಾದಲ್ಲಿ ಬಣ್ಣದ ಮಾಹಿತಿ ಹೆಚ್ಚು ಉಳಿಸುವ 4:2:2, 10 ಬಿಟ್ ಆಯ್ಕೆ ಇದ್ದರೆ ಅದನ್ನೇ ಹಾಕಿ. ಫೋನುಗಳಲ್ಲಿ ಸಾಮಾನ್ಯವಾಗಿ ಸಿಗುವ 4:2:0ರಲ್ಲಿ ನಾಲ್ಕು ಚುಕ್ಕಿಗೂ ಸೇರಿ ಒಂದೇ ಬಣ್ಣದ ಮಾಹಿತಿ ಉಳಿಯುತ್ತದೆ. ಕಣ್ಣಿಗೆ ಅದು ಗೊತ್ತಾಗುವುದಿಲ್ಲ. ಆದರೆ ಬಣ್ಣ ನೋಡಿಯೇ ಕತ್ತರಿಸುವ ಸಾಫ್ಟ್‌ವೇರ್‌ಗೆ ಗೊತ್ತಾಗುತ್ತದೆ. ಕೂದಲ ಅಂಚು ಮೆಟ್ಟಿಲು ಮೆಟ್ಟಿಲಾಗಿ ಬರುವುದು ಅದಕ್ಕೇ.

ಬಸ್ಸಾರಿನ ಲೆಕ್ಕ

ಬಸ್ಸಾರು ಮಾಡುವುದು ಹೇಗೆ? ಕಾಳು-ಸೊಪ್ಪು ಒಂದೇ ಪಾತ್ರೆಯಲ್ಲಿ ಬೇಯಿಸಿ, ಬಸಿಯುತ್ತೇವೆ. ಕಟ್ಟು ಸಾರಿಗೆ ಹೋಗುತ್ತದೆ, ಕಾಳು ಪಲ್ಯಕ್ಕೆ. ಎರಡಕ್ಕೂ ಬೇರೆ ಬೇರೆ ಒಗ್ಗರಣೆ. ಕೊನೆಗೆ ಮುದ್ದೆಯ ಜೊತೆ ಒಂದೇ ತಟ್ಟೆಗೆ ಬರುತ್ತವೆ.

ಗ್ರೀನ್ ಮ್ಯಾಟ್ ಶಾಟಿಗೂ ಹೀಗೆಯೇ ಮಾಡಬೇಕು. ಒಂದೇ ಪ್ಲೇಟನ್ನು (ಕ್ಯಾಮೆರಾದಲ್ಲಿ ತೆಗೆದ ಮೂಲ ಚಿತ್ರವನ್ನು) ಎರಡು ದಾರಿಗೆ ಬಿಡಿ. ಒಂದು ದಾರಿಯಲ್ಲಿ ಬರೀ ಮ್ಯಾಟ್ ತಯಾರಾಗಲಿ. ಅಲ್ಲಿ ಕಾಳು ತೆಗೆದು ನುಣುಪು ಮಾಡಿದ ಚಿತ್ರ ಇರಲಿ. ಇನ್ನೊಂದು ದಾರಿಯಲ್ಲಿ ಬರೀ ಬಣ್ಣ ಸರಿಯಾಗಲಿ. ಅಲ್ಲಿ ಮೂಲ ಚಿತ್ರದ ಕಾಳು ಹಾಗೆಯೇ ಉಳಿಯಲಿ. ಕೊನೆಗೆ ಎರಡನ್ನೂ ಕೂಡಿಸಿ. ಹೊಸಬರು ಕೀಯರ್ (ಒಂದು ಬಣ್ಣವನ್ನು ಗುರುತಿಸಿ ತೆಗೆಯುವ ಸಾಧನ) ಹಾಕಿ, ಅದು ಕೊಟ್ಟ ಬಣ್ಣವನ್ನೂ ಮ್ಯಾಟನ್ನೂ ಒಟ್ಟಿಗೇ ತೆಗೆದುಕೊಳ್ಳುತ್ತಾರೆ. ಆಮೇಲೆ ಒಂದನ್ನು ಸರಿಮಾಡಲು ಹೋದರೆ ಇನ್ನೊಂದು ಕೆಡುತ್ತದೆ.

ನ್ಯೂಕ್, ಫ್ಯೂಷನ್ ತರಹದ ನೋಡ್ (ಒಂದೊಂದು ಕೆಲಸಕ್ಕೆ ಒಂದೊಂದು ಡಬ್ಬಿ, ನಡುವೆ ಗೆರೆ) ಸಾಫ್ಟ್‌ವೇರುಗಳಲ್ಲಿ ಈ ಕವಲು ಕಣ್ಣಿಗೇ ಕಾಣುತ್ತದೆ. ಆಫ್ಟರ್ ಎಫೆಕ್ಟ್ಸ್‌ನಲ್ಲಿ ಲೇಯರುಗಳು ಒಂದರ ಮೇಲೊಂದು ಕೂರುತ್ತವೆ. ಅಲ್ಲಿಯೂ ಅದೇ ಕ್ಲಿಪ್ಪನ್ನು ಎರಡು ಸಲ ಇಟ್ಟು, ಮೇಲಿನದನ್ನು ಕೆಳಗಿನದಕ್ಕೆ ಟ್ರ್ಯಾಕ್ ಮ್ಯಾಟ್ (ಆಕಾರ ಕೊಡುವ ಮ್ಯಾಟ್) ಮಾಡಿದರೆ ಆಯಿತು. ದುಡ್ಡಿನ ಮಾತಿಗೆ ಬಂದರೆ, ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯೊಳಗೇ ಫ್ಯೂಷನ್ ಇದೆ. ಬ್ಲೆಂಡರ್ ಉಚಿತ. ನ್ಯೂಕ್ ಕಲಿಯುವವರಿಗೆ ವಾಣಿಜ್ಯೇತರ ಆವೃತ್ತಿ ಉಚಿತವಾಗಿ ಸಿಗುತ್ತದೆ. ಯಾವುದರಲ್ಲಿ ಕಲಿತರೂ ಕೆಳಗಿನ ಲೆಕ್ಕ ಒಂದೇ. ಯಾವುದು ಒಳ್ಳೆಯದು ಅನ್ನುವ ಜಗಳಕ್ಕೆ ನನಗೆ ಪುರುಸೊತ್ತಿಲ್ಲ.

ಇನ್ನು ಮ್ಯಾಟ್ ದಾರಿ. ಒಂದೇ ಕೀಯರ್‌ನಲ್ಲಿ ಎಲ್ಲವೂ ಸರಿಯಾಗಬೇಕು ಅಂತ ಸ್ಲೈಡರ್ ಎಳೆಯುತ್ತಾ ಕೂತರೆ ಬೆಳಗಾಗುತ್ತದೆ. ಕೂದಲಿಗೆ ಮೃದುವಾದ ಒಂದು ಕೀ (ಕೀಯರ್ ಕೊಡುವ ಮ್ಯಾಟ್) ಇರಲಿ. ದೇಹದ ಒಳಗಿನ ತೂತು ಮುಚ್ಚಲು ಗಟ್ಟಿಯಾದ ಇನ್ನೊಂದು ಕೀ ಮಾಡಿ, ಅದನ್ನು ನಾಲ್ಕೈದು ಪಿಕ್ಸೆಲ್ ಒಳಕ್ಕೆ ಕುಗ್ಗಿಸಿ. ಇಲ್ಲದಿದ್ದರೆ ಗಟ್ಟಿ ಅಂಚು ಕೂದಲನ್ನು ನುಂಗುತ್ತದೆ. ಹೊರಗಡೆ ಲೈಟ್ ಸ್ಟ್ಯಾಂಡು, ಬಟ್ಟೆಯ ಕೊನೆ ಇತ್ಯಾದಿ ಕಂಡರೆ ಸುಮ್ನೆ ಒರಟಾಗಿ ಒಂದು ಬೇಲಿ ಬರೆದು ಆಚೆ ಹಾಕಿ. ಅದಕ್ಕೆ ಗಾರ್ಬೇಜ್ ಮ್ಯಾಟ್ ಅಂತಾರೆ. ಹೆಸರಿಗೆ ತಕ್ಕ ಕೆಲಸ.

ಬಳೆ ವಾಪಸ್ ಬಂದ ಕಥೆ

ಬಳೆ ಹಸಿರು, ಬಟ್ಟೆಯೂ ಹಸಿರು. ಕೀಯರ್ ಏನು ಮಾಡಲು ಸಾಧ್ಯ? ಉಳಿದದ್ದು ರೋಟೋ. ಅಂದರೆ ಕೈಯಲ್ಲೇ ಗೆರೆ ಎಳೆದು, ಈ ಗೆರೆಯ ಒಳಗಿರುವುದನ್ನು ಮುಟ್ಟಬೇಡ ಅಂತ ಹೇಳುವುದು.

150 ಫ್ರೇಮಿಗೂ ಗೆರೆ ಎಳೆಯುವ ಕೆಲಸವಿಲ್ಲ. ಹಾಗೆ ಎಳೆದರೆ ಅಂಚು ನಡುಗುತ್ತದೆ ಕೂಡ. ಕೈ ಕೆಳಗಿದ್ದಾಗ ಒಂದು, ಭುಜದ ಹತ್ತಿರ ಬಂದಾಗ ಒಂದು, ಮತ್ತೆ ಇಳಿದಾಗ ಒಂದು: ಚಲನೆ ತಿರುಗುವ ಜಾಗಗಳಲ್ಲಿ ಮೊದಲು ಕೀಫ್ರೇಮ್ ಹಾಕಿ, ಅಂದರೆ ಗೆರೆಯನ್ನು ಕೈಯಾರೆ ಕೂರಿಸಿ. ನಡುವಿನ ಫ್ರೇಮುಗಳಿಗೆ ಸಾಫ್ಟ್‌ವೇರೇ ಗೆರೆ ತುಂಬುತ್ತದೆ. ಆಮೇಲೆ ಎರಡರ ನಡುವಿನ ಫ್ರೇಮಿಗೆ ಹೋಗಿ ನೋಡಿ. ಗೆರೆ ಜಾರಿದ್ದರೆ ಅಲ್ಲೊಂದು. ಹೀಗೆ ಅರ್ಧ ಅರ್ಧ ಮಾಡುತ್ತಾ ಹೋದರೆ ಹದಿನೈದಿಪ್ಪತ್ತು ಕೀಫ್ರೇಮಿನಲ್ಲಿ ಮುಗಿಯುತ್ತದೆ. ಇಡೀ ಕೈಗೆ ಒಂದೇ ಆಕಾರ ಬರೆಯಬೇಡಿ. ತೋಳಿಗೊಂದು, ಮುಂಗೈಗೊಂದು, ಬಳೆಯ ಗೊಂಚಲಿಗೊಂದು. ಮೂಳೆ ಎಲ್ಲಿ ಮಡಚುತ್ತದೋ ಅಲ್ಲಿ ಆಕಾರ ಬೇರೆಯಾಗಬೇಕು. ಮುಂಗೈಯನ್ನು ಪ್ಲಾನರ್ ಟ್ರ್ಯಾಕ್ ಮಾಡಿ (ಚಪ್ಪಟೆ ಭಾಗದ ಚಲನೆಯನ್ನು ಸಾಫ್ಟ್‌ವೇರಿನಿಂದ ಹಿಂಬಾಲಿಸಿ) ಗೆರೆಯನ್ನು ಅದಕ್ಕೆ ಅಂಟಿಸಿದರೆ ಅರ್ಧ ಕೆಲಸ ಯಂತ್ರವೇ ಮಾಡುತ್ತದೆ. ಆಫ್ಟರ್ ಎಫೆಕ್ಟ್ಸ್ ಜೊತೆ ಬರುವ ಮೋಕಾ ಇದಕ್ಕೆ ಸಾಕು. ಒಂದು ಕ್ಲಿಕ್ಕಿನಲ್ಲಿ ಮನುಷ್ಯರನ್ನು ಬೇರೆ ಮಾಡುವ ಎಐ ಸಾಧನಗಳೂ ಈಗ ಇವೆ. ಅಂದಾಜು ನೋಡಲು ಚೆನ್ನಾಗಿವೆ. ಬಳೆಯಂಥ ಸಣ್ಣ ವಸ್ತುವಿನ ಅಂಚು ಮಾತ್ರ ಫ್ರೇಮಿನಿಂದ ಫ್ರೇಮಿಗೆ ಕುಣಿಯುತ್ತದೆ.

ಅಂತೂ ಬಳೆ ವಾಪಸ್ ಬಂತು. ಬೂದಿ ಬಣ್ಣದಲ್ಲಿ!

ಕಾರಣ ಸ್ಪಿಲ್ ತೆಗೆಯುವ ಹಂತ. ಬಟ್ಟೆಯಿಂದ ಚರ್ಮಕ್ಕೆ ಬಡಿದ ಹಸಿರನ್ನು ಇಳಿಸುವುದಕ್ಕೆ ಡಿಸ್ಪಿಲ್ ಅನ್ನುತ್ತಾರೆ. ಅದರ ಒಳಗಿನ ಲೆಕ್ಕ ಸರಳ. ಹಸಿರು ಯಾವತ್ತೂ ಕೆಂಪು ಮತ್ತು ನೀಲಿಯ ಸರಾಸರಿಗಿಂತ ಜಾಸ್ತಿ ಇರಬಾರದು, ಇದ್ದರೆ ಕತ್ತರಿಸು. 0 ಅಂದರೆ ಕಪ್ಪು, 1 ಅಂದರೆ ಪೂರ್ತಿ ಬೆಳಕು ಅನ್ನುವ ಅಳತೆಯಲ್ಲಿ, ಕೆನ್ನೆಯ ಒಂದು ಚುಕ್ಕಿಯಲ್ಲಿ ಕೆಂಪು 0.70, ಹಸಿರು 0.62, ನೀಲಿ 0.40 ಅಂದುಕೊಳ್ಳಿ. ಸರಾಸರಿ 0.55. ಹಸಿರು ಅಲ್ಲಿಗೆ ಇಳಿಯುತ್ತದೆ, ಕೆನ್ನೆಗೆ ಕಳೆ ಬರುತ್ತದೆ. ಆದರೆ ಬಳೆಯ ಹಸಿರೂ ಹೀಗೇ ಇಳಿದು ಬೂದಿಯಾಗುತ್ತದೆ. ಅಷ್ಟೇ ಆದರೆ ಪರವಾಗಿಲ್ಲ. ಅವಳ ಸೀರೆ ಅರಿಶಿನ ಬಣ್ಣದ್ದು. ಅರಿಶಿನದಲ್ಲಿ ಕೆಂಪು 0.80, ಹಸಿರು 0.70, ನೀಲಿ 0.10 ಇದ್ದರೆ ಸರಾಸರಿ 0.45. ಹಸಿರು ಅಷ್ಟಕ್ಕೆ ಇಳಿದರೆ ಅರಿಶಿನ ಹೋಗಿ ಕಿತ್ತಳೆ ಆಯಿತು. ಸೀರೆ ಆರಿಸಲು ಇಡೀ ದಿನ ಕಳೆದವರ ಮುಂದೆ ಕಿತ್ತಳೆ ಸೀರೆ ತೋರಿಸಿದರೆ ಏನಾಗುತ್ತದೆ ಅಂತ ನೀವೇ ಊಹಿಸಿ.

ಪರಿಹಾರ ಏನಪ್ಪಾ ಅಂದರೆ, ಡಿಸ್ಪಿಲ್‌ಗೂ ಮಾಸ್ಕ್ ಕೊಡಬೇಕು. ಬಳೆಯ ರೋಟೋ ಒಳಗೆ ಡಿಸ್ಪಿಲ್ ಬೇಡ. ಹಳದಿ ಸೀರೆಗೆ ಸರಾಸರಿಯ ಬದಲು ಕೆಂಪು-ನೀಲಿಯಲ್ಲಿ ಯಾವುದು ದೊಡ್ಡದೋ ಅದನ್ನೇ ಮಿತಿ ಮಾಡಿದರೆ ಬಣ್ಣ ಉಳಿಯುತ್ತದೆ: 0.80ರ ಒಳಗೆ 0.70 ಇದೆ, ಯಾರೂ ಮುಟ್ಟುವುದಿಲ್ಲ. ಬಳೆ ಮತ್ತು ಕೈ ನಡುವಿನ ಸಂದಿನಲ್ಲಿ ಇಣುಕುತ್ತಿದ್ದ ಬಟ್ಟೆಯ ಹಸಿರನ್ನು ಕೊನೆಗೆ ಚರ್ಮದ ನೆರಳಿನ ಬಣ್ಣಕ್ಕೆ ತಿರುಗಿಸಿದೆ. ಅದು ಮೋಸವೇ. ಆರು ಸೆಕೆಂಡಿನಲ್ಲಿ ಯಾರೂ ಹಿಡಿಯಲಾರರು.

ಮಲ್ಲಿಗೆಯ ಸುತ್ತ ಕಪ್ಪು ಗೆರೆ

ಮುಡಿದ ಮಲ್ಲಿಗೆಯ ಸುತ್ತ ಪೆನ್ನಿನಲ್ಲಿ ಗೀಚಿದಂಥ ಕಪ್ಪು ಅಂಚು ಬಂದಿತ್ತು. ಅಂಚು ಕುಗ್ಗಿಸಿದೆ, ಮಸುಕು ಮಾಡಿದೆ, ಹೋಗಲಿಲ್ಲ. ಈ ಗೆರೆ ಕಂಡರೆ ಹತ್ತರಲ್ಲಿ ಎಂಟು ಸಲ ತಪ್ಪು ಒಂದೇ ಕಡೆ ಇರುತ್ತದೆ: ಆಲ್ಫಾದಿಂದ ಎರಡು ಸಲ ಗುಣಿಸಿರುತ್ತೀರಿ.

ಲೆಕ್ಕ ನೋಡೋಣ. ಮಲ್ಲಿಗೆಯ ಬಿಳುಪು 0.9. ಅಂಚಿನ ಚುಕ್ಕಿಯ ಆಲ್ಫಾ 0.5, ಅಂದರೆ ಅರ್ಧ ಹೂವು, ಅರ್ಧ ಆಕಾಶ. ಹಿಂದಿನ ಆಕಾಶ 0.6. ಹೂವಿನ ಪಾಲು 0.45, ಆಕಾಶದ ಪಾಲು 0.30. ಕೂಡಿಸಿದರೆ 0.75. ಹೂವಿಗೂ ಆಕಾಶಕ್ಕೂ ನಡುವೆ ಇದೆ, ಸರಿಯಾಗಿದೆ. ಈಗ ಹೂವನ್ನು ಮೊದಲೇ ಒಂದು ಸಲ ಆಲ್ಫಾದಿಂದ ಗುಣಿಸಿಟ್ಟಿದ್ದು, ಸಾಫ್ಟ್‌ವೇರ್ ಅದನ್ನು ತಿಳಿಯದೆ ಮತ್ತೆ ಗುಣಿಸಿತು ಅನ್ನಿ. 0.45 ಹೋಗಿ 0.225 ಆಗುತ್ತದೆ. ಕೂಡಿಸಿದರೆ 0.525. ಹೂವಿಗಿಂತಲೂ ಕಪ್ಪು, ಆಕಾಶಕ್ಕಿಂತಲೂ ಕಪ್ಪು! ಅದೇ ಆ ಗೆರೆ.

ಗುಣಿಸಿಟ್ಟ ಚಿತ್ರಕ್ಕೆ ಪ್ರೀಮಲ್ಟಿಪ್ಲೈಡ್, ಗುಣಿಸದೇ ಇಟ್ಟದ್ದಕ್ಕೆ ಸ್ಟ್ರೈಟ್ ಅಂತ ಹೆಸರು. ಕ್ಲಿಪ್ ತರುವಾಗ ಸಾಫ್ಟ್‌ವೇರ್ ಇದನ್ನು ಕೇಳುತ್ತದೆ. ನಾವು ಓದದೆ ಸರಿ ಒತ್ತುತ್ತೇವೆ. ಅಂಚಿರುವ ಚಿತ್ರದ ಬಣ್ಣ ತಿದ್ದುವಾಗಲೂ ಮೊದಲು ಆಲ್ಫಾದಿಂದ ಭಾಗಿಸಿ, ಬಣ್ಣ ತಿದ್ದಿ, ಮತ್ತೆ ಗುಣಿಸಬೇಕು. ಈ ಕ್ರಮ ರೂಢಿಯಾದರೆ ಅಂಚಿನ ಅರ್ಧ ರೋಗ ವಾಸಿ.

ಮಂಜಿನಲ್ಲಿ ಕಪ್ಪು ಎಲ್ಲಿದೆ?

ಬಳೆ ಬಂತು, ಗೆರೆ ಹೋಯಿತು. ಆದರೂ ಹುಡುಗಿ ಬೆಟ್ಟದ ಮುಂದೆ ಕಟ್ ಔಟ್ ಇಟ್ಟ ಹಾಗೆ ಕಾಣುತ್ತಿದ್ದಳು. ಹೆಚ್ಚಿನವರು ಇಲ್ಲಿಗೆ ಬಂದು ಸಾಫ್ಟ್‌ವೇರನ್ನು ಬೈಯುತ್ತಾರೆ. ನನ್ನ ಅನುಭವದಲ್ಲಿ ಕತ್ತರಿಸುವುದಕ್ಕಿಂತ ಕೂರಿಸುವುದಕ್ಕೇ ಜಾಸ್ತಿ ಹೊತ್ತು ಹಿಡಿಯುತ್ತದೆ.

ಘಾಟಿಯಲ್ಲಿ ನಿಂತು ನೋಡಿ. ಹತ್ತಿರದ ಮರದ ಕಾಂಡ ಕಪ್ಪು. ಆಚೆ ಗುಡ್ಡದ ಕಾಡು ಬೂದು. ಅದರಾಚೆಯದು ತಿಳಿನೀಲಿ. ದೂರ ಹೋದಷ್ಟೂ ಕಪ್ಪು ಬೆಳ್ಳಗಾಗುತ್ತಾ ಹೋಗುತ್ತದೆ, ಏಕೆಂದರೆ ನಡುವಿನ ಮಂಜು ತನ್ನ ಬೆಳಕನ್ನು ಅದರ ಮೇಲೆ ಸುರಿಯುತ್ತದೆ. ಹಾಗಾಗಿ ಕಪ್ಪನ್ನು ಮೊದಲು ಹೊಂದಿಸಿ. ಆಮೇಲೆ ಬಿಳಿ, ಕೊನೆಗೆ ನಡುವಿನದು. ಪ್ಲೇಟಿನಲ್ಲಿ ಅವಳಷ್ಟೇ ದೂರದಲ್ಲಿ ಇರುವ ಒಂದು ಕಪ್ಪು ವಸ್ತುವನ್ನು ಹುಡುಕಿ. ನನಗೆ ರಸ್ತೆ ಬದಿಯ ಒದ್ದೆ ಬಂಡೆ ಸಿಕ್ಕಿತು. ಬಂಡೆಯ ಬಿರುಕಿನ ಕಪ್ಪಿಗೂ ಅವಳ ಕೂದಲ ಕಪ್ಪಿಗೂ ಕೆಂಪು, ಹಸಿರು, ನೀಲಿ ಮೂರೂ ಚಾನೆಲ್‌ನಲ್ಲಿ ಬೇರೆ ಬೇರೆಯಾಗಿ ಅಂಕಿ ಹೋಲಿಸಿದೆ. ಬಂಡೆಯ ಕಪ್ಪಿನಲ್ಲಿ ನೀಲಿ ಸ್ವಲ್ಪ ಮೇಲಿತ್ತು. ಕೂದಲಲ್ಲಿ ಇರಲಿಲ್ಲ. ಅಷ್ಟನ್ನು ಎತ್ತಿದ ಕೂಡಲೇ ಅವಳು ನೆಲಕ್ಕೆ ಇಳಿದಳು.

ಬೆಳಕು ಬಂದ ದಿಕ್ಕನ್ನು ಮಾತ್ರ ಯಾವ ಸ್ಲೈಡರೂ ತಿದ್ದಲಾರದು. ಮಂಜಿನಲ್ಲಿ ಬೆಳಕು ಎಲ್ಲ ಕಡೆಯಿಂದ ಮೆತ್ತಗೆ ಬರುತ್ತದೆ, ನೆರಳಿಗೆ ಅಂಚಿರುವುದಿಲ್ಲ. ಭವನದಲ್ಲಿ ನಾನು ಒಂದೇ ಕಡೆಯಿಂದ ಚುರುಕು ಲೈಟು ಕೊಟ್ಟಿದ್ದರೆ ಕಥೆ ಅಲ್ಲೇ ಮುಗಿಯುತ್ತಿತ್ತು. ಪುಣ್ಯಕ್ಕೆ ಲೈಟನ್ನು ದೊಡ್ಡ ಥರ್ಮಾಕೋಲ್ ಹಾಳೆಗೆ ಬಡಿಸಿ ತಿರುಗಿಸಿದ್ದೆ. ಬೆಟ್ಟದ ಪ್ಲೇಟ್ ತೆಗೆಯುವಾಗ ಒಂದು ಹೊಳೆಯುವ ಸ್ಟೀಲ್ ಚೊಂಬನ್ನು ಆ ಜಾಗದಲ್ಲಿ ಹಿಡಿದು ಎರಡು ಸೆಕೆಂಡ್ ರೆಕಾರ್ಡ್ ಮಾಡಿದ್ದೆ. ದೊಡ್ಡ ಸೆಟ್‌ಗಳಲ್ಲಿ ಇದಕ್ಕೆ ಕನ್ನಡಿಯಂಥ ಕ್ರೋಮ್ ಗೋಲ ಇರುತ್ತದೆ. ಚೊಂಬಿನ ಹೊಟ್ಟೆಯಲ್ಲೂ ಆಕಾಶ ಯಾವ ಕಡೆ ಬೆಳ್ಳಗಿದೆ ಅಂತ ಚೆನ್ನಾಗಿ ಕಾಣುತ್ತದೆ.

ಕ್ಯಾಮೆರಾದ ಎತ್ತರ, ಲೆನ್ಸು, ದೂರ, ಬಾಗು ನಾಲ್ಕನ್ನೂ ಬರೆದಿಟ್ಟುಕೊಳ್ಳಿ. ಬರೆದಿಡದೆ ಹೋದರೆ ಒಂದು ಉಪಾಯ ಇದೆ. ಸಮತಟ್ಟು ನೆಲದಲ್ಲಿ ದಿಗಂತದ ಗೆರೆ ಎಲ್ಲರನ್ನೂ ಕ್ಯಾಮೆರಾದ ಎತ್ತರದಲ್ಲೇ ಹಾಯುತ್ತದೆ. ಕ್ಯಾಮೆರಾ ನೆಲದಿಂದ ಐದಡಿ ಮೇಲಿದ್ದರೆ, ಹತ್ತಿರ ನಿಂತವರಿಗೂ ದೂರ ನಿಂತವರಿಗೂ ಐದಡಿಯ ಜಾಗದಲ್ಲೇ ದಿಗಂತ ಹಾದುಹೋಗಬೇಕು. ಮೊಣಕಾಲಿನಲ್ಲಿ ಹಾದರೆ ನಿಮ್ಮ ಮದುಮಗಳು ರಾಕ್ಷಸಿ.

ಅಂಚಿಗೆ ಹಿನ್ನೆಲೆಯ ಬೆಳಕು ತುಸು ಸುತ್ತಿಕೊಳ್ಳುವ ಹಾಗೆ ಲೈಟ್ ರ‍್ಯಾಪ್ ಕೊಡುವುದುಂಟು. ಒಳ್ಳೆಯದೇ. ಆದರೆ ಉಪ್ಪಿನ ಹಾಗೆ. ಇದೆ ಅಂತ ಕಂಡರೆ ಜಾಸ್ತಿಯಾಯಿತು.

ಬೆಳಕನ್ನು ಕೂಡಿಸುವ ಲೆಕ್ಕ

ಅವಳ ಪಕ್ಕ ಒಂದು ದೀಪ ಇಟ್ಟು ಮಸುಕು ಮಾಡಿದೆ. ಹೊಳೆಯುವ ಉಂಡೆ ಬರಬೇಕಿತ್ತು. ಕೊಳೆ ಬಣ್ಣದ ಹೊಗೆ ಬಂತು.

ವಿಡಿಯೋ ಫೈಲಿನ ಅಂಕಿಗಳು ಬೆಳಕಿನ ನೇರ ಅಳತೆಗಳಲ್ಲ. ಕಣ್ಣಿಗೆ ಹೊಂದುವಂತೆ ಅವುಗಳನ್ನು ಬಗ್ಗಿಸಿಟ್ಟಿರುತ್ತಾರೆ. ಕಪ್ಪು 0, ಬಿಳಿ 255 ಅಂತಿರುವ 8 ಬಿಟ್ ಚಿತ್ರದಲ್ಲಿ ಇವೆರಡರ ಬೆಳಕನ್ನು ಸಮಪಾಲು ಬೆರೆಸಿದರೆ ಪರದೆಯಲ್ಲಿ ಸುಮಾರು 188 ಬರಬೇಕು. ಅಂಕಿಗಳನ್ನು ಸುಮ್ನೆ ಸರಾಸರಿ ಮಾಡಿದರೆ 128 ಬರುತ್ತದೆ. ಮಸುಕು ಮಾಡುವುದು ಅಂದರೆ ಸರಾಸರಿ ಮಾಡುವುದೇ ಅಲ್ವಾ? ಅದಕ್ಕೇ ದೀಪ ಮಂಕಾಯಿತು. ಪ್ರಾಜೆಕ್ಟನ್ನು 32 ಬಿಟ್ ಫ್ಲೋಟ್, ಲೀನಿಯರ್ ಲೈಟ್‌ಗೆ (ಬೆಳಕಿನ ನೇರ ಅಳತೆಗೆ) ಬದಲಿಸಿದರೆ ಸರಿಹೋಗುತ್ತದೆ. ನ್ಯೂಕ್ ತಾನಾಗಿಯೇ ಲೀನಿಯರ್‌ನಲ್ಲಿ ಕೆಲಸ ಮಾಡುತ್ತದೆ. ಆಫ್ಟರ್ ಎಫೆಕ್ಟ್ಸ್‌ನಲ್ಲಿ ಪ್ರಾಜೆಕ್ಟ್ ಸೆಟ್ಟಿಂಗ್‌ಗೆ ಹೋಗಿ ನಾವೇ ಆನ್ ಮಾಡಬೇಕು. ಹಾಗೆ ಮಾಡಿ, ದೀಪದ ಬೆಳಕನ್ನು 1ಕ್ಕಿಂತ ಮೇಲೆ, ಹತ್ತರವರೆಗೆ ಎತ್ತಿ, ಆಮೇಲೆ ಮಸುಕು ಮಾಡಿದೆ. ಉಂಡೆ ಹೊಳೆಯಿತು.

ಕೊನೆಯ ನೋಟ

ಬೆಟ್ಟದ ಪ್ಲೇಟ್ ಕೈಯಲ್ಲಿ ಹಿಡಿದು ತೆಗೆದದ್ದು, ಸ್ವಲ್ಪ ಅಲುಗುತ್ತಿತ್ತು. ಅವಳದ್ದು ಸ್ಟ್ಯಾಂಡಿನ ಮೇಲೆ ತೆಗೆದದ್ದು. ಬಂಡೆಯ ಎರಡು ಗುರುತುಗಳನ್ನು ಟ್ರ್ಯಾಕ್ ಮಾಡಿ ಅದೇ ಅಲುಗಾಟವನ್ನು ಅವಳಿಗೂ ಕೊಟ್ಟೆ. ಅವಳು ಅಲುಗಾಡುತ್ತಿದ್ದು ಬೆಟ್ಟ ನಿಂತಿದ್ದರೆ ಕೆಲಸ ಇನ್ನೂ ಕಷ್ಟವಾಗುತ್ತಿತ್ತು.

ಆಮೇಲೆ ಗ್ರೇನ್. ಎರಡು ಚಿತ್ರಗಳ ಕಾಳು ಬೇರೆ ಬೇರೆ. ನಿಂತ ಫ್ರೇಮಿನಲ್ಲಿ ತಿಳಿಯದಿದ್ದರೂ ಓಡುವಾಗ ಒಂದು ಸತ್ತ ಹಾಗೆ, ಇನ್ನೊಂದು ಜೀವಂತವಾಗಿ ಕಾಣುತ್ತದೆ. ಒಂದೊಂದೇ ಚಾನೆಲ್ ಹಾಕಿಕೊಂಡು ಹೊಂದಿಸಿ. ನೀಲಿಯಲ್ಲಿ ಕಾಳು ದಪ್ಪ ಇರುತ್ತದೆ ಅನ್ನುವುದು ಮರೆಯಬೇಡಿ. ಮಂಜಿನ ಹಾಗೆ ನಿಧಾನವಾಗಿ ಬದಲಾಗುವ ಬಣ್ಣಕ್ಕೆ ಗ್ರೇನ್ ಇನ್ನೊಂದು ಉಪಕಾರವನ್ನೂ ಮಾಡುತ್ತದೆ. 8 ಬಿಟ್‌ನಲ್ಲಿ ಇರುವುದು 256 ಮೆಟ್ಟಿಲು. ಆಕಾಶ ಪಟ್ಟೆ ಪಟ್ಟೆಯಾಗಿ ಒಡೆಯುತ್ತದೆ. ಸಣ್ಣ ಕಾಳು ಆ ಪಟ್ಟೆಗಳನ್ನು ಕಲಸಿಬಿಡುತ್ತದೆ.

ರೆಂಡರ್ ಕೊಡುವ ಮೊದಲು ನಾನು ವ್ಯೂವರಿನ (ಚಿತ್ರ ನೋಡುವ ಕಿಟಕಿಯ) ಗಾಮಾವನ್ನು, ಅಂದರೆ ನಡು ಬೆಳಕನ್ನು ಏರಿಸಿ ಇಳಿಸುವ ಸ್ಲೈಡರನ್ನು, ಪೂರ್ತಿ ಮೇಲಕ್ಕೆ ಎಳೆಯುತ್ತೇನೆ. ಹೊಂದದ ಕಪ್ಪು ತಟ್ಟನೆ ಎದ್ದು ನಿಲ್ಲುತ್ತದೆ. ಆಮೇಲೆ ಪೂರ್ತಿ ಕೆಳಕ್ಕೆ. ಹೊಂದದ ಬಿಳಿ ಸಿಕ್ಕಿಬೀಳುತ್ತದೆ. ಚಿತ್ರವನ್ನು ಎಡಬಲ ತಿರುಗಿಸಿ ಒಮ್ಮೆ ನೋಡುತ್ತೇನೆ. ಗಂಟೆಗಟ್ಟಲೆ ನೋಡಿ ಮರಗಟ್ಟಿದ ಕಣ್ಣಿಗೆ ಅದು ಹೊಸ ಚಿತ್ರವೇ. ಕೊನೆಗೆ ಶಾಟ್ ಏನು ಅಂತ ಗೊತ್ತಿಲ್ಲದವರಿಗೆ ಒಂದೇ ಸಲ ತೋರಿಸುತ್ತೇನೆ. ಎಲ್ಲಿ ನೋಡಬೇಕು ಅಂತ ಹೇಳುವುದಿಲ್ಲ. ಅವರ ಕಣ್ಣು ಎಲ್ಲಿ ನಿಲ್ಲುತ್ತದೋ ಅಲ್ಲಿ ತಪ್ಪಿದೆ.

ಮದುವೆಯ ಹಿಂದಿನ ರಾತ್ರಿ ವಿಡಿಯೋ ಕಳಿಸಿದೆ. ಬೆಳಗ್ಗೆ ಅದು ಬಂಧುಬಳಗದ ಎಲ್ಲರ ಫೋನಿನ ಸ್ಟೇಟಸ್‌ನಲ್ಲಿತ್ತು, ಕುಗ್ಗಿ, ನುಜ್ಜುಗುಜ್ಜಾಗಿ. ಎರಡು ಗಂಟೆ ಕೂತು ಹೊಂದಿಸಿದ ಗ್ರೇನಿನ ಒಂದು ಕಾಳೂ ಉಳಿದಿರಲಿಲ್ಲ. ನಾನು ಪರದೆಯನ್ನು ಎರಡು ಬೆರಳಲ್ಲಿ ಹಿಗ್ಗಿಸಿ ಕೈಯ ಕಡೆ ನೋಡಿದೆ. ಬಳೆ ಇತ್ತು, ಹಸಿರಾಗೇ ಇತ್ತು.